ಮಗು ‘ಮೀನು ಡೈನೋಸಾರ್’ ಅನ್ನುತ್ತದೆ, ತಿದ್ದಬೇಕೆ?

ಪ್ರಶ್ನೆ: ನನ್ನ ಮಗನಿಗೆ ಬರುವ ತಿಂಗಳು ಐದು ತುಂಬುತ್ತದೆ. ಅವನ ಚಿಕ್ಕಪ್ಪ ತಂದುಕೊಟ್ಟ ಪ್ಲಾಸ್ಟಿಕ್ ಪ್ರಾಣಿಗಳ ಡಬ್ಬಿಯಲ್ಲಿ ಉದ್ದ ಮೂತಿಯ, ಡಾಲ್ಫಿನ್ ತರಹದ ಒಂದು ಪ್ರಾಣಿ ಇದೆ. ಊಟ, ಸ್ನಾನ, ನಿದ್ದೆ ಎಲ್ಲ ಅದರ ಜೊತೆಗೇ. ಅದನ್ನು ‘ಮೀನು ಡೈನೋಸಾರ್’ ಅಂತಾನೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿರುವ ಹೆಸರು ‘ಇಚ್ತಿಯೋಸಾರಸ್’ ಇರಬೇಕು, ನನಗೇ ಸರಿಯಾಗಿ ಓದಲು ಬರುವುದಿಲ್ಲ. ನಮ್ಮತ್ತೆ, “ನಾಲಿಗೆ ಹೊರಳದ ಹೆಸರು ಕೂಸಿನ ತಲೆಗೆ ಯಾಕೆ ತುಂಬ್ತೀಯ, ಆಕಳು ಎಮ್ಮೆ ಕಲಿಸು” ಅಂತಾರೆ. ಮೊಬೈಲಿನಲ್ಲಿ ಇದರ ವಿಡಿಯೋ ತೋರಿಸಿದ ಮೇಲೆ ಇನ್ನೊಂದು ತೊಂದರೆ ಶುರುವಾಗಿದೆ. ಮಲ್ಪೆಗೆ ಹೋದಾಗ ನೀರಿಗೆ ಕಾಲಿಡಲಿಲ್ಲ. ರಾತ್ರಿ ಮಲಗುವಾಗ “ಅದು ಈಗ ಎಲ್ಲಿದೆ?” ಅಂತ ಕೇಳುತ್ತಾನೆ. ಇದು ಡೈನೋಸಾರೇ? ನಮ್ಮ ಕಡೆ ಇತ್ತೇ? ಇಷ್ಟು ಚಿಕ್ಕವನಿಗೆ ಎಷ್ಟು ಹೇಳಬೇಕು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನೀವು ಕೇಳಿದ ಎಲ್ಲ ಪ್ರಶ್ನೆಗಳ ಹಿಂದೆ ಒಂದೇ ಕಳವಳ ಕಾಣುತ್ತಿದೆ: ನಮಗೇ ಸರಿಯಾಗಿ ಗೊತ್ತಿಲ್ಲದ್ದನ್ನು ಹೇಳಿಕೊಟ್ಟು ಮಗುವಿನ ಮೇಲೆ ಭಾರವನ್ನೋ ಭಯವನ್ನೋ ಹೊರಿಸಿಬಿಟ್ಟೆವೇ ಎಂದು. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವಳು. ಕಲ್ಲು, ಪಳೆಯುಳಿಕೆಗಳ ಪೆಟ್ಟಿಗೆ ಹಿಡಿದು ಶಾಲೆಗಳಿಗೆ ಹೋಗುವ ಅಭ್ಯಾಸ ಇಂದಿಗೂ ಇದೆ. ಆ ಅನುಭವದಿಂದ ಹೇಳುವುದಾದರೆ ಹೆಸರು ಯಾವ ಮಗುವಿಗೂ ಭಾರವಾದದ್ದನ್ನು ನಾನು ಕಂಡಿಲ್ಲ. ಭಯ ಮಾತ್ರ ನಿಜವಾದದ್ದು. ಅದನ್ನು ಬೇರೆಯಾಗಿಯೇ ನೋಡೋಣ.

ಮೊದಲು ಹೆಸರು. ಅದು ‘ಇಚ್’ ಅಲ್ಲ, ‘ಇಕ್’. ಇಕ್-ತಿ-ಯೋ-ಸಾ-ರಸ್. ಇಡೀ ಗುಂಪಿಗೆ ಇಕ್ತಿಯೋಸಾರ್ ಎನ್ನುತ್ತಾರೆ. ಇಕ್ತಿಯೋಸಾರಸ್ ಆ ಗುಂಪಿನ ಒಂದು ಕುಲ ಮಾತ್ರ, ಅದೂ ದೊಡ್ಡದೇನಲ್ಲ, ಎರಡು ಮೂರು ಮೀಟರಿನದು. ಮನೆಯಲ್ಲಿ ಇಕ್ತಿಯೋಸಾರ್ ಎಂದರೆ ಸಾಕು, ತಪ್ಪಾಗುವುದಿಲ್ಲ. ಎರಡು ದಿನ ನೀವು ನಿಧಾನವಾಗಿ ಒಡೆದು ಹೇಳಿ, ಮೂರನೇ ದಿನ ಅವನೇ ನಿಮ್ಮನ್ನು ತಿದ್ದುತ್ತಾನೆ. ನಿಮ್ಮತ್ತೆಯವರಿಗೂ ಒಂದು ಮಾತು ಹೇಳಿ: ಧೃತರಾಷ್ಟ್ರ, ಘಟೋತ್ಕಚ, ಅಶ್ವತ್ಥಾಮ ಎಂಬ ಹೆಸರುಗಳನ್ನು ಮಕ್ಕಳಿಗೆ ಕಲಿಸಿದವರು ನಮ್ಮ ಅಜ್ಜಿಯರೇ. ಕತೆ ಹಿಡಿಸಿದರೆ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಆಕಳು ಎಮ್ಮೆ ಕಲಿಸಬೇಕು ಎಂಬ ಅವರ ಮಾತಂತೂ ಸರಿಯೇ. ಅವೂ ಇರಲಿ, ಇದೂ ಇರಲಿ.

ಇನ್ನು ‘ಮೀನು ಡೈನೋಸಾರ್’. ಇದನ್ನು ಕೇಳಿ ನನಗೆ ಸಂತೋಷವೇ ಆಯಿತು. 1817ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಚಾರ್ಲ್ಸ್ ಕೋನಿಗ್ ಈ ಪ್ರಾಣಿಗೆ ಹೆಸರು ಹುಡುಕುವಾಗ ಹಿಡಿದದ್ದೂ ಇದೇ ದಾರಿ. ಗ್ರೀಕಿನಲ್ಲಿ ‘ಇಕ್ತಿಸ್’ ಎಂದರೆ ಮೀನು, ‘ಸಾರೋಸ್’ ಎಂದರೆ ಹಲ್ಲಿ. ಮೀನಿನ ಮೈ, ಸರೀಸೃಪದ ಎಲುಬು ಎರಡನ್ನೂ ಕಂಡು ಎರಡನ್ನೂ ಜೋಡಿಸಿದರು. ನಿಮ್ಮ ಮಗನ ಕಣ್ಣೂ ಅಷ್ಟನ್ನು ಗುರುತಿಸಿದೆ. ಹಾಗಾಗಿ “ತಪ್ಪು, ಹಾಗನ್ನಬಾರದು” ಎಂದು ಹೇಳಬೇಡಿ. “ನೀನು ಇಟ್ಟ ಹೆಸರು ಚೆನ್ನಾಗಿದೆ, ಇದಕ್ಕೆ ಇನ್ನೊಂದು ಹೆಸರೂ ಇದೆ” ಎಂದು ಶುರುಮಾಡಿ.

ಆದರೆ ಅಲ್ಲಿಗೇ ಬಿಡಬೇಡಿ. ಇದು ಮೀನೂ ಅಲ್ಲ, ಡೈನೋಸಾರೂ ಅಲ್ಲ, ಹಲ್ಲಿಯೂ ಅಲ್ಲ. ಡೈನೋಸಾರ್‌ಗಳು ನೆಲದ ಮೇಲೆ ನಡೆದಾಡಿದ, ಕಾಲುಗಳು ಮೈಯ ನೇರ ಕೆಳಗೆ ನಿಂತ ಒಂದು ಪ್ರತ್ಯೇಕ ಗುಂಪು. ಇಕ್ತಿಯೋಸಾರ್‌ಗಳು ಸರೀಸೃಪಗಳ ಬೇರೆಯೇ ಕವಲು. ಅವುಗಳ ಪೂರ್ವಜರು ನೆಲದಲ್ಲಿದ್ದು ನೀರಿಗೆ ಮರಳಿದವರು. ಹಳೆಯದು, ದೊಡ್ಡದು ಎಲ್ಲವೂ ಡೈನೋಸಾರ್ ಎಂಬ ನಂಬಿಕೆಯನ್ನು ಆಟಿಕೆ ಮಾರುವವರೇ ಬೆಳೆಸಿದ್ದಾರೆ, ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ. ಬಾವಲಿ ಹಾರಿದರೂ ಹಕ್ಕಿಯಲ್ಲ ಎಂದು ಗೊತ್ತಿರುವ ಮಗುವಿಗೆ ಇದು ಅರ್ಥವಾಗದೆ ಇರುವುದಿಲ್ಲ. “ಡೈನೋಸಾರ್ ನೆಲದಲ್ಲಿ, ಇದು ನೀರಿನಲ್ಲಿ” ಎಂದಷ್ಟೇ ಹೇಳಿದರೆ ಐದರ ವಯಸ್ಸಿಗೆ ಸಾಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೆಸರು ಹೇಳಿದ ಮೇಲೆ ಯಾವ ಮಗುವಾದರೂ ಒಂದಲ್ಲ ಒಂದು ದಿನ ಕೇಳುತ್ತದೆ: “ನಿಂಗೆ ಹೇಗೆ ಗೊತ್ತು?” ಆ ಪ್ರಶ್ನೆಗೆ “ಪುಸ್ತಕದಲ್ಲಿದೆ” ಎಂಬ ಉತ್ತರ ಕೊಡಬೇಡಿ. ಇಕ್ತಿಯೋಸಾರ್‌ಗೆ ಚಿಕ್ಕ ಮಕ್ಕಳೂ ಕಣ್ಣಿಂದ ಕಂಡು ಒಪ್ಪಬಹುದಾದ ಸಾಕ್ಷಿಗಳಿವೆ. ಇಂಥ ಅವಕಾಶ ಎಲ್ಲ ಪ್ರಾಣಿಗಳಲ್ಲೂ ಸಿಗುವುದಿಲ್ಲ.

ಬಾಲದಿಂದ ಶುರುಮಾಡಿ. ಮೀನಿನ ಬಾಲ ನಿಂತಂತಿದ್ದು ಎಡಕ್ಕೆ ಬಲಕ್ಕೆ ಬೀಸುತ್ತದೆ. ಡಾಲ್ಫಿನ್ ಬಾಲ ಮಲಗಿದಂತಿದ್ದು ಮೇಲೆ ಕೆಳಗೆ ಬಡಿಯುತ್ತದೆ. ಇಕ್ತಿಯೋಸಾರ್ ಬಾಲ ಮೀನಿನಂತೆ ನಿಂತದ್ದು. ಆಟಿಕೆಯನ್ನೂ ಡಾಲ್ಫಿನ್ ಚಿತ್ರವನ್ನೂ ಪಕ್ಕದಲ್ಲಿಟ್ಟು ಅವನೇ ಕಂಡುಹಿಡಿಯಲಿ. ಎಷ್ಟೋ ಅಗ್ಗದ ಆಟಿಕೆಗಳಲ್ಲಿ ಬಾಲ ಡಾಲ್ಫಿನ್‌ನಂತೆಯೇ ಮಲಗಿರುತ್ತದೆ. ನಿಮ್ಮದೂ ಹಾಗಿದ್ದರೆ ಇನ್ನೂ ಒಳ್ಳೆಯದು: “ಆಟಿಕೆ ಮಾಡಿದವರಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತು” ಎಂದು ಹೇಳಿ. ಈ ಬಾಲ ದೊಡ್ಡವರನ್ನೂ ಬಹಳ ಕಾಲ ಸತಾಯಿಸಿದೆ. ಸಿಕ್ಕ ಅಸ್ಥಿಪಂಜರಗಳಲ್ಲಿ ಬಾಲದ ಎಲುಬು ಒಂದು ಕಡೆ ಕೆಳಕ್ಕೆ ಬಾಗಿರುತ್ತಿತ್ತು, ಸತ್ತ ಮೇಲೆ ಮುರಿದಿರಬೇಕು ಎಂದುಕೊಂಡಿದ್ದರು. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಬಾಗಿದೆಯಲ್ಲ ಎಂದು 1838ರಲ್ಲಿ ಗಮನಿಸಿದವರು ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್. ಕೊನೆಗೆ 1890ರ ದಶಕದಲ್ಲಿ ಜರ್ಮನಿಯ ಹೋಲ್ಸ್‌ಮಾಡೆನ್ ಎಂಬಲ್ಲಿ ಚರ್ಮದ ಅಚ್ಚು ಸಮೇತ ಸಿಕ್ಕಿದ ಪಳೆಯುಳಿಕೆಗಳಲ್ಲಿ ಎಲ್ಲ ಸ್ಪಷ್ಟವಾಯಿತು: ಆ ಬಾಗಿದ ಎಲುಬು ಬಾಲದ ಕೆಳಗಿನ ರೆಕ್ಕೆಗೆ ಆಧಾರ. ಮೇಲಿನ ರೆಕ್ಕೆಗೆ ಎಲುಬೇ ಇರಲಿಲ್ಲ. ಬೆನ್ನಿನ ಮೇಲೂ ಎಲುಬಿಲ್ಲದ ಒಂದು ರೆಕ್ಕೆ ಇತ್ತು.

ಆಮೇಲೆ ಕಣ್ಣು. ಇಕ್ತಿಯೋಸಾರ್ ತಲೆಬುರುಡೆಯಲ್ಲಿ ಕಣ್ಣಿನ ಸುತ್ತ ಚಿಕ್ಕ ಎಲುಬಿನ ಬಿಲ್ಲೆಗಳ ಒಂದು ಬಳೆ ಇರುತ್ತದೆ. ಅದನ್ನು ಅಳೆದರೆ ಕಣ್ಣು ಎಷ್ಟು ದೊಡ್ಡದಿತ್ತೆಂದು ಗೊತ್ತಾಗುತ್ತದೆ. ಟೆಮ್ನೋಡಾಂಟೊಸಾರಸ್ ಎಂಬ ದೊಡ್ಡ ಇಕ್ತಿಯೋಸಾರ್‌ನ ಕಣ್ಣು ಸುಮಾರು 25 ಸೆಂಟಿಮೀಟರ್, ನಾವು ಊಟ ಮಾಡುವ ತಟ್ಟೆಯಷ್ಟು. ಮಕ್ಕಳ ಮುಂದೆ ತಟ್ಟೆ ಹಿಡಿದು ತೋರಿಸಿದರೆ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಮಂದ ಬೆಳಕಿನ ಆಳದಲ್ಲಿ ಬೇಟೆ ಕಾಣಲು ಅಷ್ಟು ದೊಡ್ಡ ಕಣ್ಣು ಬೇಕಾಗಿತ್ತು.

ಮೂರನೆಯದು ಮಕ್ಕಳು ಎಂದೂ ಮರೆಯದ ಸಾಕ್ಷಿ: ಕಲ್ಲಾದ ಹಿಕ್ಕೆ. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದಲ್ಲಿ ಪಳೆಯುಳಿಕೆ ಹೆಕ್ಕುತ್ತಿದ್ದ ಮೇರಿ ಆ್ಯನಿಂಗ್, ಇಕ್ತಿಯೋಸಾರ್‌ಗಳ ಹೊಟ್ಟೆಯ ಜಾಗದಲ್ಲೇ ವಿಚಿತ್ರವಾದ ಉಂಡೆಕಲ್ಲುಗಳು ಇರುವುದನ್ನು ಕಂಡಳು. ಒಡೆದರೆ ಒಳಗೆ ಮೀನಿನ ಮುಳ್ಳು, ಪೊರೆ. ಭೂವಿಜ್ಞಾನಿ ವಿಲಿಯಂ ಬಕ್ಲೆಂಡ್ 1829ರಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ಇವು ಹಿಕ್ಕೆಗಳೇ ಎಂದು ವಿದ್ವಾಂಸರ ಮುಂದೆ ಸಾರಿದರು. ಇಕ್ತಿಯೋಸಾರ್ ಏನು ತಿನ್ನುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕೆ? ಐದು ವರ್ಷದವರು ಹೊಟ್ಟೆ ಹಿಡಿದು ನಗುತ್ತಾರೆ, ಆದರೆ ನಗುತ್ತಲೇ ಪುರಾವೆ ಎಂದರೇನೆಂದು ಕಲಿತುಬಿಟ್ಟಿರುತ್ತಾರೆ.

ಮೇರಿಯ ಕತೆಯನ್ನೂ ಹೇಳಿ. ಮರಗೆಲಸದ ಅಪ್ಪ ಸಾಲ ಬಿಟ್ಟು ತೀರಿಕೊಂಡಿದ್ದರು. ಮಕ್ಕಳು ತೀರದಲ್ಲಿ ಹೆಕ್ಕಿದ್ದನ್ನು ಪ್ರವಾಸಿಗರಿಗೆ ಮಾರಿ ಮನೆ ನಡೆಯಬೇಕಿತ್ತು. 1811ರಲ್ಲಿ ಅಣ್ಣ ಜೋಸೆಫ್‌ಗೆ ನಾಲ್ಕು ಅಡಿ ಉದ್ದದ ತಲೆಬುರುಡೆ ಸಿಕ್ಕಿತು. ಉಳಿದ ಮೈಯನ್ನು ಮರುವರ್ಷ ಹುಡುಕಿ ತೆಗೆದವಳು ಮೇರಿ. ಆಗ ಅವಳಿಗೆ ಹದಿಮೂರು ಕೂಡ ದಾಟಿರಲಿಲ್ಲ. ಊರವರು ಮೊಸಳೆ ಎಂದರು. ವಿದ್ವಾಂಸರು ವರ್ಷಗಟ್ಟಲೆ ಚರ್ಚೆ ಮಾಡಿದರು. ಇಂದು ಆ ಪ್ರಾಣಿ ಟೆಮ್ನೋಡಾಂಟೊಸಾರಸ್ ಎಂದು ಗುರುತಾಗಿದೆ, ತಲೆಬುರುಡೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಆ ಕಾಲದ ಭೂವಿಜ್ಞಾನ ಸಂಘದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಮೇರಿಯ ಕೈಯಿಂದ ಕೊಂಡದ್ದರ ಬಗ್ಗೆ ಗಂಡಸರು ಪ್ರಬಂಧ ಬರೆದರು, ಅವಳ ಹೆಸರು ಎಷ್ಟೋ ಕಡೆ ಬರಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶಾಲೆಗಳಲ್ಲಿ ನಾನು ಕೋನಿಗ್ ಹೆಸರು ಬಿಟ್ಟರೂ ಮೇರಿಯ ಹೆಸರು ಬಿಡುವುದಿಲ್ಲ. ತೀರಾ ಈಚೆಗೂ ಮೇರಿಯಂತೆ ಒಬ್ಬ ಹುಡುಗಿಗೆ ಪಳೆಯುಳಿಕೆ ಸಿಕ್ಕಿದೆ, ಆದರೆ ಈ ಸಲ ಹೆಸರು ಬಿಟ್ಟುಹೋಗಲಿಲ್ಲ. 2020ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ತೀರದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಅಪ್ಪನ ಜೊತೆ ಅಡ್ಡಾಡುವಾಗ ದೊಡ್ಡ ದವಡೆಯೆಲುಬಿನ ತುಂಡು ಕಂಡಿತು. ಅದು 20 ಕೋಟಿ ವರ್ಷಕ್ಕೂ ಹಿಂದಿನ ಇಕ್ತಿಯೋಸಾರ್‌ನದು. 2024ರಲ್ಲಿ ಅದಕ್ಕೆ ಇಕ್ತಿಯೋಟೈಟನ್ ಎಂದು ಹೆಸರಿಟ್ಟ ಪ್ರಬಂಧದ ಲೇಖಕರಲ್ಲಿ ಆ ಹುಡುಗಿಯೂ ಒಬ್ಬಳು.

ಇಲ್ಲಿಂದ ಭಯದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದರ ಬೇರು ಆ ವಿಡಿಯೋಗಳಲ್ಲಿದೆ. ಇಕ್ತಿಯೋಟೈಟನ್ 25 ಮೀಟರ್ ಇದ್ದಿರಬಹುದು ಎಂದು ಅಂದಾಜು ಮಾಡಿದ್ದು ದವಡೆಯ ಎಲುಬಿನಿಂದ. ಉಳಿದ ಮೈ ಸಿಕ್ಕಿಲ್ಲ. ವಿಡಿಯೋ ಮಾಡುವವರು ಅಂದಾಜು ಎಂದು ಹೇಳುವುದಿಲ್ಲ. ಹಡಗಿನಷ್ಟು ಮಾಡಿ, ಬಾಯಿ ತೆರೆಸಿ, ಗುಡುಗಿನ ಸದ್ದು ಹಾಕುತ್ತಾರೆ. ಐದರೊಳಗಿನ ಮಗುವಿಗೆ ‘ಬಹಳ ಹಿಂದೆ’ ಎಂಬುದೂ ‘ಬಹಳ ದೂರ’ ಎಂಬುದೂ ಬೇರೆಯಾಗಿ ತಿಳಿಯುವುದಿಲ್ಲ. ಹಿಂದಿನದು ಎಲ್ಲೋ ದೂರದಲ್ಲಿ ಇನ್ನೂ ಇದೆ ಎಂದೇ ಅದು ಭಾವಿಸುತ್ತದೆ. ನಿಮ್ಮ ಮಗ “ಅದು ಈಗ ಎಲ್ಲಿದೆ?” ಎಂದು ಕೇಳಿದ್ದು ಅದಕ್ಕೇ. ಮಲ್ಪೆಯ ನೀರನ್ನೂ ಆ ವಿಡಿಯೋದ ನೀರನ್ನೂ ಅವನು ಒಂದೇ ಎಂದುಕೊಂಡಿದ್ದಾನೆ.

ಕೋಟಿ ವರ್ಷಗಳ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಸಾಲು ಹೇಳಿ: ಮೊದಲು ಇಕ್ತಿಯೋಸಾರ್ ಹೋಯಿತು, ಆಮೇಲೆ ಡೈನೋಸಾರ್ ಹೋಯಿತು, ಆಮೇಲೆ ಎಷ್ಟೋ ಕಾಲಕ್ಕೆ ಮನುಷ್ಯರು ಬಂದರು. ಅಜ್ಜಿಯ ಅಜ್ಜಿಯೂ ಅದನ್ನು ಜೀವಂತ ಕಂಡಿಲ್ಲ, ಯಾರೂ ಕಂಡಿಲ್ಲ, ಎಲುಬು ಮಾತ್ರ ಕಂಡಿದ್ದಾರೆ. ಆಟಿಕೆಗಳನ್ನು ಆ ಸಾಲಿನಲ್ಲೇ ಇಡಿಸಿ. ಈ ಸಾಲು ನಿಜವಾದದ್ದು. ಇಕ್ತಿಯೋಸಾರ್‌ಗಳು ಸುಮಾರು 25 ಕೋಟಿ ವರ್ಷದ ಹಿಂದೆ ಕಾಣಿಸಿಕೊಂಡು ಸುಮಾರು 9 ಕೋಟಿ ವರ್ಷದ ಹಿಂದೆ ಮರೆಯಾದವು. ಡೈನೋಸಾರ್‌ಗಳ ಕಾಲ ಮುಗಿಸಿದ ಆಕಾಶದ ಬಂಡೆ ಬಿದ್ದದ್ದು 6.6 ಕೋಟಿ ವರ್ಷದ ಹಿಂದೆ. ಆ ಬಂಡೆಯೇ ಎಲ್ಲವನ್ನೂ ಕೊಂದಿತು ಎಂಬ ಮಾತು ಇಕ್ತಿಯೋಸಾರ್ ಮಟ್ಟಿಗೆ ಸುಳ್ಳು. ಆ ಹೊತ್ತಿಗೆ ಅವು ಇರಲೇ ಇಲ್ಲ. ಅವು ಅಳಿದ ಕಾಲದಲ್ಲಿ ಸಮುದ್ರ ಬಿಸಿಯಾಗಿತ್ತು, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿತ್ತು. ಬದಲಾಗುವ ಸಮುದ್ರಕ್ಕೆ ತಕ್ಕಂತೆ ಅವು ಬದಲಾಗಲಿಲ್ಲ ಎಂಬುದು ಇಂದಿನ ವಿವರಣೆ. ಮಗು ಕೇಳಿದರೆ “ಸಮುದ್ರ ಬದಲಾಯಿತು, ಅವಕ್ಕೆ ಊಟ ಸಿಗಲಿಲ್ಲ” ಎಂದರೆ ಸಾಕು. ಬೇಸರಪಟ್ಟರೆ ಪಡಲಿ, ಅದನ್ನು ಮರೆಸಲು ಅವಸರ ಮಾಡಬೇಡಿ.

ದಯವಿಟ್ಟು ಒಂದು ಕೆಲಸ ಮಾತ್ರ ಮನೆಯಲ್ಲಿ ಯಾರೂ ಮಾಡದಂತೆ ನೋಡಿಕೊಳ್ಳಿ: “ಊಟ ಮಾಡದಿದ್ದರೆ ಅದು ಬರುತ್ತೆ ನೋಡು” ಎಂದು ಇದನ್ನು ಗುಮ್ಮ ಮಾಡುವುದು. ಒಮ್ಮೆ ಹಾಗಾದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ವಿಡಿಯೋವನ್ನು ಕೆಲವು ತಿಂಗಳು ನಿಲ್ಲಿಸಿ, ಬದಲಿಗೆ ವಸ್ತುಸಂಗ್ರಹಾಲಯಗಳಲ್ಲಿರುವ ಅಸ್ಥಿಪಂಜರಗಳ ಫೋಟೋ ತೋರಿಸಿ. ಅಲುಗದ ಎಲುಬಿಗೆ ಮಕ್ಕಳು ಅಷ್ಟಾಗಿ ಹೆದರುವುದನ್ನು ನಾನು ಕಂಡಿಲ್ಲ. ಮುಂದಿನ ಸಲ ಕಡಲಿಗೆ ಹೋದಾಗ ಎತ್ತಿ ನೀರಿಗೆ ಇಳಿಸಬೇಡಿ. ದಡದಲ್ಲಿ ಮರಳಾಡಲಿ, ಅವನಾಗಿ ಬಂದರೆ ಬರಲಿ. ಬೆಚ್ಚಿಬೀಳುವುದು, ನಿದ್ದೆಗೆಡುವುದು ವಾರಗಟ್ಟಲೆ ಮುಂದುವರಿದರೆ ಮಕ್ಕಳ ವೈದ್ಯರಿಗೆ ಹೇಳಿ. ಆಗ ಕಾರಣ ಈ ಪ್ರಾಣಿಯಲ್ಲೇ ಇರಬೇಕೆಂದಿಲ್ಲ.

ಭಯ ಇಳಿದ ಮೇಲೆ ಹೇಳಲು ಒಂದು ಒಳ್ಳೆಯ ಸಂಗತಿ ಇದೆ. ಇಕ್ತಿಯೋಸಾರ್ ಮೊಟ್ಟೆ ಇಡುತ್ತಿರಲಿಲ್ಲ, ನೀರಿನಲ್ಲೇ ಮರಿ ಹಾಕುತ್ತಿತ್ತು. ಹೋಲ್ಸ್‌ಮಾಡೆನ್‌ನಲ್ಲಿ ಹೊಟ್ಟೆಯೊಳಗೆ ಮರಿಗಳಿರುವ ತಾಯಂದಿರ ಪಳೆಯುಳಿಕೆಗಳು ಎಷ್ಟೋ ಸಿಕ್ಕಿವೆ. ಮೀನಿನಂತೆ ಕಿವಿರು ಇರಲಿಲ್ಲ, ಉಸಿರಿಗೆ ಮೇಲೆ ಬರಲೇಬೇಕಿತ್ತು. ಬಾಯಿ ತೆರೆದು ಅಟ್ಟಿಸಿಕೊಂಡು ಬರುವ ಪ್ರಾಣಿಯಾಗಿ ನೋಡಿದ ಮಗು ಅದನ್ನು ಅಮ್ಮನಾಗಿ, ಉಸಿರಾಡುವ ಜೀವವಾಗಿ ನೋಡಿದರೆ ಬಹಳ ವ್ಯತ್ಯಾಸವಾಗುತ್ತದೆ. ಆದರೆ ಮರಿಯ ಜೊತೆ ಸತ್ತ ತಾಯಿಯ ಚಿತ್ರ ತೋರಿಸುವ ಮೊದಲು ನಿಮ್ಮ ಮಗನ ಸ್ವಭಾವ ನೋಡಿಕೊಳ್ಳಿ. ಕೆಲವರು ಅತ್ತುಬಿಡುತ್ತಾರೆ.

ಹೆಸರಿಗೂ ಒಂದು ಅಪಾಯ ಇದೆ, ಅದು ನಮ್ಮಿಂದಲೇ ಬರುವುದು. ನೆಂಟರು ಬಂದಾಗ “ಮಾಮಾನಿಗೆ ಹೆಸರು ಹೇಳಿ ತೋರಿಸು ಪುಟ್ಟಾ” ಎಂದು ನಿಲ್ಲಿಸುವುದು. ಇದರಿಂದ ಆಸೆಯಿಂದ ಕಲಿತದ್ದು ಪ್ರದರ್ಶನವಾಗುತ್ತದೆ, ಒಮ್ಮೆ ತಡವರಿಸಿದರೆ ಮಗು ಆ ಹೆಸರನ್ನೇ ಬಿಟ್ಟುಬಿಡುತ್ತದೆ. ಕನ್ನಡದಲ್ಲಿ ‘ಮೀನುಹಲ್ಲಿ’ ಎಂದು ಹೇಳಿಕೊಡಲೇ ಎಂದು ಕೆಲವು ಪೋಷಕರು ಕೇಳುತ್ತಾರೆ. ಕತೆ ಹೇಳುವಾಗ ಚೆನ್ನಾಗಿರುತ್ತದೆ, ಆದರೆ ಗೋಡೆಯ ಮೇಲಿನ ಹಲ್ಲಿಯನ್ನೇ ನೆನೆದು ಅದರದೇ ಅಣ್ಣ ಎಂದುಕೊಳ್ಳುವ ಸಾಧ್ಯತೆ ಇದೆ. ಅದರ ಜೊತೆಗೆ ನಿಜ ಹೆಸರೂ ಇರಲಿ.

ಕೊನೆಯ ಪ್ರಶ್ನೆ, ನಮ್ಮ ಕಡೆ ಇತ್ತೇ? ಭಾರತದಲ್ಲಿ ಇತ್ತು. ಗುಜರಾತಿನ ಕಛ್‌ನ ಲೋಡಾಯಿ ಹಳ್ಳಿಯ ಬಳಿ ಸುಮಾರು 5.5 ಮೀಟರಿನ ಇಕ್ತಿಯೋಸಾರ್ ಸಿಕ್ಕಿತು. ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಸಂಗಡಿಗರು 2017ರಲ್ಲಿ ಅದನ್ನು ಪ್ರಕಟಿಸಿದರು. 15 ಕೋಟಿ ವರ್ಷಕ್ಕೂ ಹಳೆಯದು, ಜುರಾಸಿಕ್ ಕಾಲದ್ದಾಗಿ ಭಾರತದಲ್ಲಿ ದೊರೆತ ಮೊದಲ ಇಕ್ತಿಯೋಸಾರ್. ತಮಿಳುನಾಡಿನ ತಿರುಚಿನಾಪಳ್ಳಿ, ಅರಿಯಲೂರು ಕಡೆಯ ಕಲ್ಲುಗಳಲ್ಲೂ ಬೆನ್ನೆಲುಬಿನ ತುಂಡುಗಳು ಹತ್ತೊಂಬತ್ತನೇ ಶತಮಾನದಲ್ಲೇ ಸಿಕ್ಕಿದ್ದವು. ಹಿಮಾಲಯದಾಚೆ ಟಿಬೆಟ್‌ನಲ್ಲಿ ಸಿಕ್ಕಿದ್ದಕ್ಕೆ ಹಿಮಾಲಯಸಾರಸ್ ಎಂದೇ ಹೆಸರು. ಆ ಪರ್ವತಗಳು ಒಂದು ಕಾಲಕ್ಕೆ ಕಡಲ ತಳವಾಗಿದ್ದವು. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ದೇವರ ಪೆಟ್ಟಿಗೆಯಲ್ಲಿ ಚಕ್ರವಿರುವ ಸಾಲಿಗ್ರಾಮ ಇದ್ದರೆ, ಹಿರಿಯರನ್ನು ಕೇಳಿ ಮಗನಿಗೆ ದೂರದಿಂದಲೇ ತೋರಿಸಿ. ನೇಪಾಳದ ಗಂಡಕಿ ನದಿಯಿಂದ ಬರುವ ಆ ಕಲ್ಲುಗಳಲ್ಲಿರುವ ಸುರುಳಿ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನದು. ಇಕ್ತಿಯೋಸಾರ್‌ಗಳು ಈಜುತ್ತಿದ್ದ ಕಾಲದ ಸಮುದ್ರಗಳಲ್ಲೇ ಅಮೋನೈಟ್‌ಗಳೂ ತುಂಬಿದ್ದವು. ಇದರಿಂದ ಪೂಜೆಗೆ ಏನೂ ಕುಂದಿಲ್ಲ. ನಿಮ್ಮತ್ತೆಯವರಿಗೂ ಈ ವಿಷಯ ಹಿಡಿಸಬಹುದು.

ಕರ್ನಾಟಕದಲ್ಲಿ ಮಾತ್ರ ಇಕ್ತಿಯೋಸಾರ್ ಸಿಕ್ಕಿಲ್ಲ. ನಮ್ಮ ಬಂಡೆಗಳು ಬಹುಪಾಲು ಬಹಳ ಹಳೆಯವು. ಚಿತ್ರದುರ್ಗದ ಕೋಟೆ ನಿಂತಿರುವ ಬಂಡೆ 250 ಕೋಟಿ ವರ್ಷಕ್ಕಿಂತ ಹಿಂದಿನದು, ಆಗ ಭೂಮಿಯಲ್ಲಿ ಪ್ರಾಣಿಗಳೇ ಇರಲಿಲ್ಲ. ಉತ್ತರ ಕರ್ನಾಟಕದ ಕರಿಕಲ್ಲಿನ ಲಾವಾ ಇಕ್ತಿಯೋಸಾರ್ ಅಳಿದ ಮೇಲಿನದು. ನಡುವಿನ ಕಾಲದ ಕಡಲ ಕೆಸರು ನಮ್ಮಲ್ಲಿ ಕಲ್ಲಾಗಿ ಉಳಿದಿಲ್ಲ. ಇದನ್ನು ನಿರಾಶೆ ಎಂದುಕೊಳ್ಳಬೇಡಿ. ನಿಮಗೆ ಹತ್ತಿರದಲ್ಲೇ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ದಿಂಬು ಒಟ್ಟಿದಂತೆ ಕಾಣುವ ಲಾವಾ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆ ಆಕಾರ ಪಡೆಯಿತು. “ಇಲ್ಲಿ ನೀರಿತ್ತು, ಆದರೆ ಈಜಲು ಇನ್ನೂ ಯಾರೂ ಹುಟ್ಟಿರಲಿಲ್ಲ” ಎಂದು ಅವನಿಗೆ ಹೇಳಿ ನೋಡಿ. ಬೆಳಗಿನ ಹೊತ್ತು ಹೋಗಿ, ಮಧ್ಯಾಹ್ನ ಬಂಡೆ ಕಾಯುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಚೂರು ಒಡೆದು ತರುವಂತಿಲ್ಲ. ಮುಟ್ಟಿ ನೋಡಲು, ಪಕ್ಕದಲ್ಲಿ ಕೂತು ಚಿತ್ರ ಬರೆಯಲು ಯಾರ ತಡೆಯೂ ಇಲ್ಲ.